ಪೊರೆ ಆಪರೇಷನ್ನಿನಲ್ಲಿ ಪಿಸಿ (ಮಸೂರದ ಹಿಂಬದಿಯ ಕ್ಯಾಪ್ಸೂಲ್) ಹರಿದ ಮೊದಲ ಅರ್ಧ ನಿಮಿಷದಲ್ಲಿ ಏನು ಮಾಡಬೇಕು?

ಪ್ರಶ್ನೆ: ನಾನು ನೇತ್ರವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಎಸ್‌ಐಸಿಎಸ್ (ಸಣ್ಣ ಗಾಯದಿಂದ ಕೈಯಲ್ಲೇ ಪೊರೆ ತೆಗೆಯುವ ಆಪರೇಷನ್) ಒಂದು ಮಟ್ಟಿಗೆ ಕೈಗೆ ಕುಳಿತಿದೆ, ಫೇಕೊ (ಅಲ್ಟ್ರಾಸೌಂಡ್ ಪ್ರೋಬ್ ಬಳಸಿ ಪೊರೆ ಒಡೆದು ಹೀರುವ ವಿಧಾನ) ಈಗಷ್ಟೇ ಶುರು ಮಾಡಿದ್ದೇನೆ. ಕಳೆದ ವಾರ ನ್ಯೂಕ್ಲಿಯಸ್ಸಿನ (ಮಸೂರದ ಗಟ್ಟಿ ತಿರುಳಿನ) ಕೊನೆಯ ತುಂಡು ತೆಗೆಯುವಾಗ ಪಿಸಿ ರೆಂಟ್ ಆಯಿತು, ಅಂದರೆ ಪಿಸಿ ಹರಿಯಿತು. ಗಾಬರಿಯಲ್ಲಿ ಪ್ರೋಬ್ ಹೊರಗೆಳೆದುಬಿಟ್ಟೆ, ವಿಟ್ರಿಯಸ್ (ಕಣ್ಣಿನ ಹಿಂಭಾಗ ತುಂಬಿರುವ ಲೋಳೆ) ಗಾಯದವರೆಗೂ ಬಂತು. ಸೀನಿಯರ್ ಬಂದು ಮುಗಿಸಿಕೊಟ್ಟರು. ಅಂದಿನಿಂದ ಪೆಡಲ್ ಮೇಲೆ ಕಾಲಿಟ್ಟರೆ ನಡುಕ ಬರುತ್ತದೆ. ರೆಕ್ಸಿಸ್ (ಮುಂಬದಿಯ ಕ್ಯಾಪ್ಸೂಲಿನಲ್ಲಿ ಹರಿದು ಮಾಡುವ ಗುಂಡಗಿನ ಕಿಂಡಿ) ಕೂಡ ಆಗಾಗ ಅಂಚಿಗೆ ಓಡುತ್ತದೆ. ಟೆಕ್ನಿಕ್‌ಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು, ತೊಡಕಾದಾಗ ಹೇಗೆ ನಿಭಾಯಿಸಬೇಕು, ಮತ್ತೆ ಫೇಕೊ ಯಾವಾಗ ಹಿಡಿಯಬೇಕು?

ಉತ್ತರ:

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಆ ಕಣ್ಣಿಗೆ ಪಿಸಿ ಹರಿದದ್ದಕ್ಕಿಂತ ಪ್ರೋಬ್ ಹೊರಗೆಳೆದದ್ದೇ ಹೆಚ್ಚು ಪೆಟ್ಟು ಕೊಟ್ಟಿರಬೇಕು. ಹರಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ಅನುಭವಿಗಳಿಗೂ ಆಗುತ್ತದೆ. ಹೊರಗೆಳೆಯುವುದು ಮಾತ್ರ ಅಭ್ಯಾಸದಿಂದ ಪೂರ್ತಿ ತಪ್ಪಿಸಬಹುದಾದ ಕೆಲಸ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ತಿರುವುಮುರುವು ಮಾಡಿ, ತೊಡಕಿನಿಂದ ಶುರು ಮಾಡಿ ಕಲಿಕೆಯ ಕ್ರಮಕ್ಕೆ ಆಮೇಲೆ ಬರುತ್ತೇನೆ.

ಪ್ರೋಬ್ ಒಳಗಿರುವಷ್ಟು ಹೊತ್ತು ಇರಿಗೇಷನ್ ದ್ರವ ಚೇಂಬರನ್ನು (ಕಾರ್ನಿಯಾದ ಹಿಂದಿನ ಕೋಣೆಯನ್ನು) ತುಂಬಿ ಹಿಡಿದಿರುತ್ತದೆ. ಹಿಂಬದಿಯ ಕ್ಯಾಪ್ಸೂಲ್ ನಡುಭಾಗದಲ್ಲಿ ಸುಮಾರು 4 ಮೈಕ್ರಾನ್ ದಪ್ಪ, ಅಷ್ಟೇ. ಅದರಲ್ಲಿ ತೂತು ಬಿದ್ದರೂ ಅದರ ಬೆನ್ನಿಗಿರುವ, ವಿಟ್ರಿಯಸ್ಸಿನ ಹೊದಿಕೆಯಾದ ಹಯಲಾಯ್ಡ್ ಪದರ ಎಷ್ಟೋ ಸಲ ಹರಿದಿರುವುದಿಲ್ಲ. ಪ್ರೋಬ್ ಸರಕ್ಕನೆ ಹೊರಬಂದರೆ ಚೇಂಬರಿನ ಒತ್ತಡ ಒಮ್ಮೆಲೇ ಕುಸಿಯುತ್ತದೆ, ಹಿಂದಿನಿಂದ ಒತ್ತುತ್ತಿದ್ದ ವಿಟ್ರಿಯಸ್‌ಗೆ ಎದುರಿನ ತಡೆ ಇಲ್ಲವಾಗುತ್ತದೆ. ಹಯಲಾಯ್ಡ್ ಒಡೆದು, ಸಣ್ಣ ತೂತು ದೊಡ್ಡ ಸೀಳಾಗಿ, ವಿಟ್ರಿಯಸ್ ನೇರ ಗಾಯದತ್ತ ನುಗ್ಗುತ್ತದೆ. ಬರೀ ತೂತಾಗಿ ಮುಗಿಯಬಹುದಾಗಿದ್ದ ಕೇಸು ವಿಟ್ರೆಕ್ಟಮಿ (ವಿಟ್ರಿಯಸ್ ಕತ್ತರಿಸಿ ತೆಗೆಯುವ) ಕೇಸಾಗುವುದು ಹೀಗೆ. ನಾನು ಟ್ರೇನಿಗಳಿಗೆ ಕಲಿಸುವ ಎಲ್ಲ ತೊಡಕುಗಳ ನಿರ್ವಹಣೆಯೂ ಬಹುಪಾಲು ಇದೊಂದರಲ್ಲೇ ಅಡಗಿದೆ: ಅನುಮಾನ ಬಂದರೆ ಕೈ ನಿಲ್ಲಿಸಿ, ಒಳಗಿರುವುದನ್ನು ಹೊರಗೆಳೆಯಬೇಡಿ, ಚೇಂಬರ್ ತುಂಬಿ.

ಅನುಮಾನ ಬರಬೇಕಾದದ್ದು ಯಾವಾಗ? ವಿಟ್ರಿಯಸ್ ಕಂಡಾಗ ಅಲ್ಲ, ಅಷ್ಟರಲ್ಲಿ ತಡವಾಗಿರುತ್ತದೆ. ಚೇಂಬರ್ ಇದ್ದಕ್ಕಿದ್ದಂತೆ ಆಳವಾದರೆ, ಪಾಪೆ ಒಂದು ಕ್ಷಣ ಪಟ್ಟನೆ ಅಗಲವಾದರೆ, ಈವರೆಗೆ ತಾನಾಗಿ ತುದಿಗೆ ಬರುತ್ತಿದ್ದ ತುಂಡು ಬರದೆ ಹೋದರೆ, ಸುಲಭವಾಗಿ ತಿರುಗುತ್ತಿದ್ದ ನ್ಯೂಕ್ಲಿಯಸ್ ತಿರುಗದಿದ್ದರೆ ಅಥವಾ ಒಂದು ಬದಿಗೆ ವಾಲಿದರೆ, ಹಿಂಬದಿಯಲ್ಲಿ ಒಂದು ಜಾಗ ಮಾತ್ರ ಅತಿ ಸ್ವಚ್ಛವಾಗಿ ಕಂಡರೆ. ಇವುಗಳಲ್ಲಿ ಪಾಪೆಯ ಲಕ್ಷಣವನ್ನೇ ಜನ ಹೆಚ್ಚು ತಪ್ಪಿಸಿಕೊಳ್ಳುತ್ತಾರೆ, ಏಕೆಂದರೆ ಕಣ್ಣು ಪ್ರೋಬ್ ತುದಿಗೇ ಅಂಟಿಕೊಂಡಿರುತ್ತದೆ. ನಿಮ್ಮ ಕೇಸಿನ ವಿಡಿಯೊ ಇದ್ದರೆ ತೆಗೆದು ನೋಡಿ. ನಿಮಗೆ ಗೊತ್ತಾದ ಗಳಿಗೆಗೂ ನಿಜವಾಗಿ ಹರಿದ ಗಳಿಗೆಗೂ ನಡುವೆ ಅಂತರ ಇದ್ದೇ ಇರುತ್ತದೆ. ಆ ಅಂತರವನ್ನು ಕಡಿಮೆ ಮಾಡುವುದೇ ಅರ್ಧ ಕಲಿಕೆ.

ಈಗ ಆ ಅರ್ಧ ನಿಮಿಷ. ಪೆಡಲನ್ನು ಮೊದಲನೇ ಸ್ಥಾನಕ್ಕೆ ತನ್ನಿ, ಅಂದರೆ ಇರಿಗೇಷನ್ ಮಾತ್ರ. ಸೊನ್ನೆಗೆ ಬೇಡ. ಬಲಗೈ ಇದ್ದಲ್ಲೇ ಇರಲಿ. ಇರಿಗೇಷನ್ ಬಾಟಲಿ ಇಳಿಸಲು ಹೇಳಿ. ಎಡಗೈಯ ಚಾಪರನ್ನು (ನ್ಯೂಕ್ಲಿಯಸ್ ಸೀಳುವ ಸಾಧನವನ್ನು) ಮೆಲ್ಲಗೆ ತೆಗೆದು ಅದೇ ಸೈಡ್ ಪೋರ್ಟ್‌ನಿಂದ ಡಿಸ್ಪರ್ಸಿವ್ ವಿಸ್ಕೋ (ಹರಡಿಕೊಂಡು ಜಾಗ ಹಿಡಿದು ನಿಲ್ಲುವ ಜೆಲ್) ಒಳಬಿಡಿ. ತೂತಿನ ಮೇಲೆ ಮೊದಲು, ಆಮೇಲೆ ಉಳಿದ ತುಂಡಿನ ಕೆಳಗೆ, ಆಮೇಲೆ ಚೇಂಬರ್ ಪೂರ್ತಿ. ಚೇಂಬರ್ ವಿಸ್ಕೋದಿಂದಲೇ ನಿಂತಿದೆ ಎನಿಸಿದ ಮೇಲಷ್ಟೇ ಪೆಡಲ್ ಸೊನ್ನೆಗೆ, ಆಗ ಪ್ರೋಬ್ ಹೊರಗೆ, ಅದೂ ಎಡಗೈಯಿಂದ ವಿಸ್ಕೋ ಹಾಕುತ್ತಲೇ. ಇಷ್ಟು ಮಾಡಿ ಕೈ ತೆಗೆದು ಕುಳಿತುಕೊಳ್ಳಿ. ಸೀನಿಯರ್‌ಗೆ ಕರೆ ಹೋಗಲಿ, ನರ್ಸ್ ವಿಟ್ರೆಕ್ಟಮಿ ಸೆಟ್ ತೆರೆಯಲಿ. ಚೇಂಬರ್ ತುಂಬಿದ ಕಣ್ಣು ಕಾಯುತ್ತದೆ, ನೀವು ಯೋಚಿಸಲು ಬೇಕಾದಷ್ಟು ಸಮಯವಿದೆ.

ಇದನ್ನು ಓದಿ ಕಲಿಯಲಾಗುವುದಿಲ್ಲ. ಗಾಬರಿಯಲ್ಲಿ ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ಅದಕ್ಕೊಂದು ಉಪಾಯವಿದೆ: ಯಾವ ತೊಡಕೂ ಇಲ್ಲದ ಕೇಸಿನಲ್ಲೂ, ಕೊನೆಯ ತುಂಡು ಮುಗಿದ ಮೇಲೆ, ಪ್ರೋಬ್ ತೆಗೆಯುವ ಮುನ್ನ ಸೈಡ್ ಪೋರ್ಟ್‌ನಿಂದ ವಿಸ್ಕೋ ಹಾಕಿ ಆಮೇಲೇ ತೆಗೆಯಿರಿ. ಪ್ರತಿ ಕೇಸಿನಲ್ಲೂ. ಸ್ವಲ್ಪ ವಿಸ್ಕೋ ಹೆಚ್ಚು ಖರ್ಚಾಗುತ್ತದೆ, ಯಾರಾದರೂ ಗೊಣಗಬಹುದು, ಗೊಣಗಲಿ. ಒಂದಷ್ಟು ಕೇಸುಗಳಾದ ಮೇಲೆ ನಿಮ್ಮ ಎಡಗೈ ಕೇಳದೆಯೇ ಸಿರಿಂಜಿಗೆ ಕೈಚಾಚುತ್ತದೆ. ಪಿಸಿ ಹರಿದ ದಿನ ಅದು ಹೊಸ ಕೆಲಸ ಅನಿಸುವುದಿಲ್ಲ.

ಮುಂದೆ ವಿಟ್ರಿಯಸ್ ಬಂದಿದೆಯೇ ಇಲ್ಲವೇ ಎಂಬುದು ಬರಿಗಣ್ಣಿಗೆ ಮೋಸ ಮಾಡುತ್ತದೆ, ಅದು ಪಾರದರ್ಶಕ ವಸ್ತು. ಪ್ರಿಸರ್ವೇಟಿವ್ ಇಲ್ಲದ ಟ್ರಯಾಮ್‌ಸಿನೊಲೋನ್ ತೆಳುಮಾಡಿ ಸ್ವಲ್ಪ ಬಿಟ್ಟರೆ ಬಿಳಿ ಕಣಗಳು ಎಳೆಗಳಿಗೆ ಅಂಟಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ತೋರಿಸಿಕೊಡುತ್ತವೆ. ಮೇನ್ ಗಾಯದ ಮೂಲಕ ವಿಟ್ರೆಕ್ಟರ್ ಹಾಕುವ ಚಟ ಬೇಡ. ಅದು ಸೋರುತ್ತದೆ, ಸೋರಿದಷ್ಟೂ ವಿಟ್ರಿಯಸ್ ಅತ್ತಲೇ ಬರುತ್ತದೆ. ಬೇಕಿದ್ದರೆ ಒಂದು 10-0 (ಅತಿ ತೆಳು ದಾರದ) ಹೊಲಿಗೆ ಹಾಕಿ ಅದನ್ನು ಮುಚ್ಚಿ. ಎರಡು ಬಿಗಿಯಾದ ಸೈಡ್ ಪೋರ್ಟ್‌ಗಳಲ್ಲಿ ಒಂದರಿಂದ ಇರಿಗೇಷನ್, ಇನ್ನೊಂದರಿಂದ ಕಟರ್. ಇರಿಗೇಷನ್ ಮುಂದೆ, ಕಾರ್ನಿಯಾದ ಕೆಳಗೇ ಇರಲಿ, ಒತ್ತಡ ಕಡಿಮೆ ಇರಲಿ. ಕಟರ್ ತುದಿ ತೂತಿನ ಮೂಲಕ ಸ್ವಲ್ಪ ಹಿಂದೆ ಇರಲಿ, ಆಗ ಮುಂದೆ ಬಂದ ವಿಟ್ರಿಯಸ್ ಹಿಂದಕ್ಕೆ ಎಳೆಯಲ್ಪಡುತ್ತದೆ. ಕಟ್ ರೇಟ್ ಯಂತ್ರ ಕೊಡುವಷ್ಟು ಹೆಚ್ಚು, ವ್ಯಾಕ್ಯೂಮ್ ಕಡಿಮೆ. ವಿಟ್ರಿಯಸ್ ಇರುವಾಗ ಮೊದಲು ಕತ್ತರಿಸಿ ಆಮೇಲೆ ಹೀರುವ ಮೋಡ್. ವಿಟ್ರಿಯಸ್ ತೆರವಾಗಿ ಕಾರ್ಟೆಕ್ಸ್ (ನ್ಯೂಕ್ಲಿಯಸ್ ಸುತ್ತಲಿನ ಮೆತ್ತನೆಯ ಭಾಗ) ಮಾತ್ರ ಉಳಿದಾಗ ಮೊದಲು ಹೀರುವ, ಬೇಕೆಂದಾಗ ಕತ್ತರಿಸುವ ಮೋಡ್. ಈ ಎರಡನ್ನು ಅದಲುಬದಲು ಮಾಡಿದರೆ ಕತ್ತರಿಸದ ವಿಟ್ರಿಯಸ್ಸನ್ನೇ ಎಳೆಯುತ್ತೀರಿ, ಅದರ ಇನ್ನೊಂದು ತುದಿ ರೆಟಿನಾದಲ್ಲಿದೆ. ಗಾಯದಲ್ಲಿ ಸಿಕ್ಕಿಕೊಂಡ ಎಳೆಯನ್ನು ಸ್ಪಂಜಿನಿಂದ ಎತ್ತಿ ಕತ್ತರಿಸುವ ಹಳೆಯ ಪದ್ಧತಿಯೂ ಇದೇ ಕಾರಣಕ್ಕೆ ಅಪಾಯ. ಕೊನೆಗೆ ಪಾಪೆ ಕಿರಿದಾಗಿಸುವ ಔಷಧಿ ಹಾಕಿ ಆಕಾರ ನೋಡಿ. ಗುಂಡಗಿದ್ದರೆ ಸರಿ, ಒಂದು ಕಡೆ ಚೂಪಾಗಿ ಎಳೆದಿದ್ದರೆ ಅಲ್ಲಿ ಇನ್ನೂ ಎಳೆ ಉಳಿದಿದೆ.

ತುಂಡು ಹಿಂದಕ್ಕೆ ಜಾರುತ್ತಿದ್ದರೆ ಅದರ ಬೆನ್ನು ಹತ್ತಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಫೇಕೊ ಪ್ರೋಬ್ ವಿಟ್ರಿಯಸ್ ಕತ್ತರಿಸುವ ಸಾಧನವಲ್ಲ, ಅದನ್ನು ಹಿಡಿದು ಹಿಂದಕ್ಕೆ ಹೋದವರು ರೆಟಿನಾ ಹರಿದುಕೊಂಡು ಬರುತ್ತಾರೆ. ನ್ಯೂಕ್ಲಿಯಸ್ ಬಿದ್ದುಹೋದರೆ ಮುಂಭಾಗದ ವಿಟ್ರಿಯಸ್ ಶುಚಿಮಾಡಿ, ಕಾರ್ಟೆಕ್ಸ್ ಆದಷ್ಟು ತೆಗೆದು, ಗಾಯ ಮುಚ್ಚಿ ವಿಟ್ರಿಯೋ-ರೆಟಿನಾ ತಜ್ಞರಿಗೆ ಕಳಿಸಿ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತೆಗೆದರೆ ದೃಷ್ಟಿ ಚೆನ್ನಾಗಿಯೇ ಮರಳುತ್ತದೆ. ಅಲ್ಲಿಯವರೆಗೆ ಉರಿಯೂತ ಮತ್ತು ಕಣ್ಣಿನ ಒತ್ತಡ ಹತೋಟಿಯಲ್ಲಿರಬೇಕು.

ಕೃತಕ ಲೆನ್ಸ್ ವಿಷಯ. ತೂತು ನಡುವಿನಲ್ಲಿ, ಚಿಕ್ಕದಾಗಿ ಇದ್ದರೆ ಅದನ್ನೇ ಗುಂಡಗಿನ ಹಿಂಬದಿ ರೆಕ್ಸಿಸ್ ಮಾಡಿಕೊಂಡು ಬ್ಯಾಗಿನಲ್ಲೇ (ಕ್ಯಾಪ್ಸೂಲಿನ ಚೀಲದಲ್ಲೇ) ಲೆನ್ಸ್ ಇಡಬಹುದು, ಆದರೆ ಅದು ಅನುಭವಿ ಕೈಯ ಕೆಲಸ. ತೂತು ದೊಡ್ಡದು, ಮುಂಬದಿಯ ರೆಕ್ಸಿಸ್ ಅಖಂಡ ಎಂದಾದರೆ ಮೂರು ತುಂಡಿನ ಲೆನ್ಸನ್ನು ಐರಿಸ್ ಹಿಂದಿನ ಸಂದಿಯಾದ ಸಲ್ಕಸ್‌ನಲ್ಲಿಟ್ಟು ಅದರ ಆಪ್ಟಿಕನ್ನು (ನಡುವಿನ ಗುಂಡು ಭಾಗವನ್ನು) ರೆಕ್ಸಿಸ್ ಹಿಂದಕ್ಕೆ ಸಿಕ್ಕಿಸುವುದು ಒಳ್ಳೆಯ ದಾರಿ. ಸಿಕ್ಕಿಸಿದರೆ ಲೆನ್ಸ್ ಸುಮಾರು ಬ್ಯಾಗಿನ ಮಟ್ಟದಲ್ಲೇ ಕೂರುತ್ತದೆ, ಪವರ್ ಬದಲಿಸಬೇಕಿಲ್ಲ. ಸಿಕ್ಕಿಸದೆ ಸಲ್ಕಸ್‌ನಲ್ಲಷ್ಟೇ ಬಿಟ್ಟರೆ ಸಾಮಾನ್ಯ ಪವರ್‌ಗಳಲ್ಲಿ ಅರ್ಧದಿಂದ ಒಂದು ಡಯಾಪ್ಟರ್ ಕಡಿಮೆ ಮಾಡಬೇಕು. ಒಂದೇ ತುಂಡಿನ ಅಕ್ರಿಲಿಕ್ ಲೆನ್ಸ್ ಮಾತ್ರ ಸಲ್ಕಸ್‌ಗೆ ಬೇಡವೇ ಬೇಡ. ಅದರ ದಪ್ಪ, ಚೌಕ ಅಂಚಿನ ಕಾಲುಗಳಾದ ಹ್ಯಾಪ್ಟಿಕ್‌ಗಳು ಐರಿಸ್‌ನ ಹಿಂಬದಿಯನ್ನು ಉಜ್ಜಿ ಉಜ್ಜಿ ಪಿಗ್ಮೆಂಟ್ ಉದುರಿಸುತ್ತವೆ, ಒತ್ತಡ ಏರಿಸುತ್ತವೆ, ರಕ್ತ ಜಿನುಗಿಸುತ್ತವೆ. ಪ್ಯಾಕೆಟ್ ತೆರೆದಾಗಿದೆಯಲ್ಲ ಎಂದು ಅದನ್ನೇ ಇಡುವ ಪ್ರಸಂಗಗಳು ಇಂದಿಗೂ ನಡೆಯುತ್ತವೆ. ಅದಕ್ಕೇ ಹೇಳುವುದು, ದಿನದ ಆಪರೇಷನ್ ಲಿಸ್ಟ್ ಶುರುವಾಗುವ ಮುನ್ನವೇ ಪ್ರತಿ ರೋಗಿಗೂ ಒಂದು ಮೂರು ತುಂಡಿನ ಲೆನ್ಸ್ ಪಕ್ಕದಲ್ಲಿರಲಿ.

ಇನ್ನು, ಕೊನೆಯ ತುಂಡಿನಲ್ಲೇ ಏಕೆ ಹರಿಯಿತು? ಅದು ಕಾಕತಾಳೀಯವಲ್ಲ. ತುಂಡು ತುದಿಗೆ ಕಚ್ಚಿಕೊಂಡಾಗ ಟ್ಯೂಬಿನೊಳಗೆ ವ್ಯಾಕ್ಯೂಮ್ ಏರುತ್ತಾ ಹೋಗುತ್ತದೆ, ಟ್ಯೂಬಿನ ಗೋಡೆ ಒಳಕ್ಕೆ ಕುಗ್ಗಿರುತ್ತದೆ. ತುಂಡು ಒಡೆದು ಒಳಹೋದ ಕ್ಷಣ ಟ್ಯೂಬ್ ಮೊದಲಿನ ಆಕಾರಕ್ಕೆ ಹಿಗ್ಗುತ್ತದೆ, ಚೇಂಬರಿನ ದ್ರವ ಒಮ್ಮೆಲೇ ಸೆಳೆದು ಒಳಹೋಗುತ್ತದೆ, ಹಿಂಬದಿಯ ಕ್ಯಾಪ್ಸೂಲ್ ಮೇಲಕ್ಕೆ ಜಿಗಿಯುತ್ತದೆ. ಸರ್ಜ್ ಎಂದು ನೀವು ಓದಿರುವುದು ಇದನ್ನೇ. ಮೊದಲ ತುಂಡುಗಳಿಗೆ ಸರ್ಜ್ ಆದರೂ ಉಳಿದ ನ್ಯೂಕ್ಲಿಯಸ್ ಕ್ಯಾಪ್ಸೂಲಿಗೆ ಅಡ್ಡ ನಿಂತಿರುತ್ತದೆ. ಕೊನೆಯ ತುಂಡಿಗೆ ಆ ಕಾವಲು ಇಲ್ಲ. ಆದ್ದರಿಂದ ಕೊನೆಯ ತುಂಡಿಗೆ ಮುನ್ನ ವ್ಯಾಕ್ಯೂಮ್ ಮತ್ತು ಫ್ಲೋ ಇಳಿಸಿ, ತುಂಡಿನ ಕೆಳಗೆ ವಿಸ್ಕೋ ಹಾಕಿ, ಎಡಗೈಯ ಮೊಂಡು ಸಾಧನವನ್ನು ತುದಿಯ ಕೆಳಗೆ ಅಡ್ಡಹಿಡಿಯಿರಿ. ತುಂಡು ನಡುವಿಗೆ, ಐರಿಸ್ ಮಟ್ಟಕ್ಕೆ ಬರಲಿ, ತುದಿ ಮೂಲೆಗೆ ಹೋಗುವುದು ಬೇಡ. ಯಂತ್ರದ ಸದ್ದನ್ನೂ ಕಿವಿಗೊಟ್ಟು ಕೇಳಿ. ಕಚ್ಚಿಕೊಂಡಾಗ ಸದ್ದು ಬದಲಾಗುತ್ತದೆ. ತುಂಡು ಇನ್ನೇನು ಮುಗಿಯುತ್ತದೆ ಎನ್ನುವಾಗಲೇ ಕಾಲು ಮೂರನೇ ಸ್ಥಾನದಿಂದ (ಅಲ್ಟ್ರಾಸೌಂಡ್) ಎರಡಕ್ಕೆ (ಅಲ್ಟ್ರಾಸೌಂಡ್ ಇಲ್ಲದ ಹೀರುವಿಕೆ) ಸಡಿಲವಾಗಬೇಕು, ಮುಗಿದ ಮೇಲಲ್ಲ.

ಕಾಲಿನ ಮಾತು ಬಂದದ್ದರಿಂದ: ಹೊಸಬರ ತೊಡಕುಗಳಲ್ಲಿ ಕೈಗಿಂತ ಕಾಲಿನ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಲಿಸ್ಟ್ ಇಲ್ಲದ ದಿನ ಯಂತ್ರ ಆನ್ ಮಾಡಿಸಿ, ಟೆಸ್ಟ್ ಚೇಂಬರ್ ಹಾಕಿ, ಪರದೆ ನೋಡದೆ ಸೊನ್ನೆ, ಒಂದು, ಎರಡು, ಮೂರು ಎಂದು ಯಾರಾದರೂ ಕೂಗಿದಂತೆ ಪೆಡಲ್ ಒತ್ತಿ. ಎರಡನೇ ಸ್ಥಾನದೊಳಗೇ ಸ್ವಲ್ಪ ಒತ್ತಿದಾಗ ಮತ್ತು ಪೂರ್ತಿ ಒತ್ತಿದಾಗ ಆಗುವ ವ್ಯತ್ಯಾಸ ಕಾಲಿಗೆ ತಿಳಿಯಬೇಕು. ನಿಮ್ಮ ನಡುಕಕ್ಕೂ ಇದೇ ಮೊದಲ ಮದ್ದು.

ರೆಕ್ಸಿಸ್ ಅಂಚಿಗೆ ಓಡುವುದೇಕೆ?

ಮಸೂರದ ಮುಂಭಾಗ ಉಬ್ಬಿದೆ, ಸುತ್ತಲಿಂದ ಝೋನ್ಯೂಲ್‌ಗಳು (ಮಸೂರವನ್ನು ಹಿಡಿದಿಟ್ಟ ಎಳೆಗಳು) ಹೊರಕ್ಕೆ ಎಳೆಯುತ್ತಿವೆ. ಚೆಂಡಿನ ಮೇಲೆ ಹೊದಿಸಿದ ತೆಳು ಕಾಗದವನ್ನು ಹರಿದರೆ ಸೀಳು ಕೆಳಕ್ಕೇ ಜಾರುತ್ತದೆ, ಮೇಜಿನ ಮೇಲೆ ಹಾಸಿದ್ದಾದರೆ ಎಳೆದತ್ತ ಬರುತ್ತದೆ. ವಿಸ್ಕೋ ಹಾಕುವುದು ಚೆಂಡನ್ನು ಮೇಜು ಮಾಡುವುದಕ್ಕೆ. ಫೋರ್ಸೆಪ್ಸ್ ಒಳಹೊರಗೆ ಹೋಗುವಾಗ, ಗಾಯದ ತುಟಿಯನ್ನು ಒತ್ತಿದಾಗ ವಿಸ್ಕೋ ಸೋರುತ್ತದೆ, ನಿಮಗೆ ಗೊತ್ತಾಗದೆ ಮಸೂರ ಮತ್ತೆ ಉಬ್ಬುತ್ತದೆ. ಕಾಲುಭಾಗ ಸುತ್ತಿದ ಮೇಲೆ ನಿಂತು, ಮತ್ತೆ ತುಂಬಿ, ಅಂಚಿನ ಬುಡದ ಹತ್ತಿರ ಹೊಸದಾಗಿ ಹಿಡಿದು ಮುಂದುವರಿಯಿರಿ. ಒಂದೇ ಉಸಿರಿನಲ್ಲಿ ಸುತ್ತುವ ಸೀನಿಯರ್‌ಗಳನ್ನು ನೋಡಿ ಆಸೆಪಡಬೇಡಿ. ಆರು ಮಿಲಿಮೀಟರಿನ ಆಪ್ಟಿಕ್‌ಗೆ ಐದರಿಂದ ಐದೂವರೆ ಮಿಲಿಮೀಟರ್ ರೆಕ್ಸಿಸ್ ಗುರಿ. ಚಿಕ್ಕದಾದರೆ ಆಮೇಲೆ ಹಿಗ್ಗಿಸಬಹುದು, ಓಡಿಹೋದದ್ದನ್ನು ಕುಗ್ಗಿಸಲಾಗದು.

ಓಡಲು ಶುರುವಾಗಿದೆ ಎಂದು ಕಂಡರೆ ಮುಂದಕ್ಕೆ ಎಳೆಯಬೇಡಿ. ನಿಲ್ಲಿಸಿ, ವಿಸ್ಕೋ ತುಂಬಿ. ಆಮೇಲೆ ಬ್ರಯಾನ್ ಲಿಟಲ್ 2006ರಲ್ಲಿ ವಿವರಿಸಿದ ಉಪಾಯ: ಮಡಚಿಕೊಂಡಿರುವ ಫ್ಲ್ಯಾಪ್ ಅನ್ನು ಬಿಡಿಸಿ, ಹರಿಯುವ ಮುನ್ನ ಇದ್ದಂತೆ ಮಸೂರದ ಮೇಲೆ ಚಪ್ಪಟೆಯಾಗಿ ಹಾಸಿ. ಸೀಳಿನ ಬುಡಕ್ಕೆ ಆದಷ್ಟು ಹತ್ತಿರ ಹಿಡಿಯಿರಿ. ಮೊದಲು ಬಂದ ದಾರಿಯಲ್ಲೇ ಹಿಂದಕ್ಕೆ, ಕ್ಯಾಪ್ಸೂಲಿನ ಸಮತಲದಲ್ಲೇ ಬಿಗಿ ಮಾಡಿ, ಎತ್ತಬೇಡಿ. ಆ ಬಿಗಿ ಬಿಡದೆ ನಡುವಿನತ್ತ ಎಳೆಯಿರಿ. ಸೀಳು ಸಟ್ಟನೆ ಒಳಕ್ಕೆ ತಿರುಗುತ್ತದೆ. ಮೊದಲ ಸಲ ನೋಡಿದವರಿಗೆ ಇದು ಕಣ್ಕಟ್ಟು ಅನಿಸುತ್ತದೆ. ಆದರೆ ಫ್ಲ್ಯಾಪ್ ಐರಿಸ್ ಕೆಳಗೆ ಮರೆಯಾದ ಮೇಲೆ ಇದು ನಡೆಯುವುದಿಲ್ಲ. ಆಗ ಶುರುವಿನ ಜಾಗದಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಎದುರು ದಿಕ್ಕಿನಿಂದ ಸುತ್ತಿ ಬಂದು ಸೇರಿಸಿ, ಇಲ್ಲವೇ ಕ್ಯಾನ್-ಓಪನರ್ (ಸುತ್ತಲೂ ಸಣ್ಣ ಸಣ್ಣ ಚುಚ್ಚು ಹಾಕಿ ತೆರೆಯುವುದು) ಮಾಡಿ ಎಸ್‌ಐಸಿಎಸ್‌ಗೆ ಹೋಗಿ. ಅಂಚು ಸೀಳಿದ ಕ್ಯಾಪ್ಸೂಲಿನೊಳಗೆ ಬಿರುಸಿನ ಹೈಡ್ರೊಡಿಸೆಕ್ಷನ್ (ಕ್ಯಾಪ್ಸೂಲಿನ ಕೆಳಗೆ ದ್ರವ ಬಿಟ್ಟು ಮಸೂರ ಬಿಡಿಸುವುದು), ನ್ಯೂಕ್ಲಿಯಸ್ ತಿರುಗಿಸುವುದು ಬೇಡ. ಸೀಳು ಹಿಂಬದಿಗೆ ಸುತ್ತಿಕೊಂಡು ಹೋಗುತ್ತದೆ.

ಉಬ್ಬಿದ ಬಿಳಿ ಪೊರೆ ಸದ್ಯಕ್ಕೆ ನಿಮ್ಮ ಕೇಸಲ್ಲ, ಆದರೂ ತಿಳಿದಿರಲಿ. ಒಳಗೆ ದ್ರವವಾದ ಕಾರ್ಟೆಕ್ಸ್ ಒತ್ತಡದಲ್ಲಿರುತ್ತದೆ, ಮೊದಲ ಚುಚ್ಚಿಗೇ ಕ್ಯಾಪ್ಸೂಲ್ ಎರಡೂ ಬದಿಗೆ ಸೀಳುತ್ತದೆ. ನೀಲಿ ಬಣ್ಣದ ನಡುವೆ ಬಿಳಿ ಪಟ್ಟೆ ಕಾಣುವುದರಿಂದ ಅರ್ಜೆಂಟೀನಾ ಧ್ವಜ ಎನ್ನುತ್ತಾರೆ. ಟ್ರೈಪಾನ್ ಬ್ಲೂ ಹಾಕಿ, ವಿಸ್ಕೋ ಭರ್ತಿ ತುಂಬಿ, ಸಣ್ಣ ಸೂಜಿಯಿಂದ ಮೊದಲು ಆ ದ್ರವವನ್ನು ಹೀರಿದರೆ ಒತ್ತಡ ಇಳಿಯುತ್ತದೆ. ಕ್ಯಾಪ್ಸೂಲ್ ಬಣ್ಣಕ್ಕೆ ಈ ಡೈ ಬಳಸುವ ಪದ್ಧತಿಯನ್ನು ಮೆಲ್ಲೆಸ್ ತಂಡ 1999ರಲ್ಲಿ ಪ್ರಕಟಿಸಿತು. ಕಲಿಯುವವರು ಅದನ್ನು ಕಷ್ಟದ ಕೇಸಿಗೆಂದು ಎತ್ತಿಡದೆ ರೆಡ್ ರಿಫ್ಲೆಕ್ಸ್ (ಪಾಪೆಯಲ್ಲಿ ಕಾಣುವ ಕೆಂಪು ಹೊಳಪು) ಸ್ವಲ್ಪ ಮಂದವಿದ್ದರೂ ಬಳಸಬೇಕು ಎಂಬುದು ನನ್ನ ಪಕ್ಷ.

ಹೈಡ್ರೊಡಿಸೆಕ್ಷನ್‌ಗೆ ಒಂದೇ ಮಾತು: ದ್ರವದ ಅಲೆ ಹಿಂಬದಿ ದಾಟಿದ ಕೂಡಲೇ ನಿಲ್ಲಿಸಿ, ನ್ಯೂಕ್ಲಿಯಸ್ಸನ್ನು ಮೆಲ್ಲಗೆ ಕೆಳಗೊತ್ತಿ ಹಿಂದೆ ಸಿಕ್ಕ ದ್ರವವನ್ನು ಹೊರಬಿಡಿ, ಆಮೇಲೆ ಮತ್ತೆ. ಒತ್ತದೆ ಹಾಕುತ್ತಲೇ ಹೋದರೆ ಕ್ಯಾಪ್ಸೂಲ್ ಹಿಂಬದಿಯಿಂದ ಒಡೆಯಬಹುದು. ಪೋಸ್ಟೀರಿಯರ್ ಪೋಲಾರ್ (ಹಿಂಬದಿಯ ಕ್ಯಾಪ್ಸೂಲಿನ ನಡುವಿಗೆ ತಾಗಿದ) ಪೊರೆಯಲ್ಲಿ ಹೈಡ್ರೊಡಿಸೆಕ್ಷನ್ ಮಾಡುವುದೇ ಇಲ್ಲ, ಹೈಡ್ರೊಡೆಲಿನಿಯೇಷನ್ (ನ್ಯೂಕ್ಲಿಯಸ್ ಮತ್ತು ಅದರ ಹೊರಪದರದ ನಡುವೆ ದ್ರವ ಬಿಡುವುದು) ಮಾತ್ರ. ಆ ಕೇಸನ್ನು ಈಗ ಸೀನಿಯರ್‌ಗೆ ಬಿಡಿ.

ಕಲಿಯುವ ಕ್ರಮ

ಎಸ್‌ಐಸಿಎಸ್ ಬಿಡಬೇಡಿ. ಅದು ಫೇಕೊ ಬಾರದವರ ಆಪರೇಷನ್ ಎಂಬ ಮಾತು ಕೇಳಿಬರುತ್ತದೆ, ಸರಿಯಲ್ಲ. ನೇಪಾಳದಲ್ಲಿ ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳ ಬಳಿಕ ಎರಡೂ ಗುಂಪಿನ ಶೇ 98 ರೋಗಿಗಳಿಗೆ ಕನ್ನಡಕದೊಂದಿಗೆ 20/60 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಇತ್ತು. ನಿಮ್ಮಂಥವರಿಗೆ ಅದರ ಇನ್ನೊಂದು ಲಾಭ, ಫೇಕೊ ಕೈಕೊಟ್ಟಾಗ ಮರಳಲು ಒಂದು ದಾರಿ ಇರುವುದು. ಒಂದೇ ಷರತ್ತು, ಬದಲಾಯಿಸುವ ತೀರ್ಮಾನ ಕ್ಯಾಪ್ಸೂಲ್ ಹರಿಯುವ ಮುಂಚೆ ಆಗಬೇಕು. ನ್ಯೂಕ್ಲಿಯಸ್ ಎಣಿಸಿದ್ದಕ್ಕಿಂತ ಗಟ್ಟಿ, ರೆಕ್ಸಿಸ್ ಓಡಿದೆ, ಕಾರ್ನಿಯಾ ಮಂಜಾಗುತ್ತಿದೆ ಎಂದರೆ ಆಗಲೇ ಬದಲಾಯಿಸಿ. ಅದನ್ನು ಸೋಲೆಂದು ಎಣಿಸುವ ಡಿಪಾರ್ಟ್‌ಮೆಂಟಿನಲ್ಲಿ ಪಿಸಿ ರೆಂಟ್‌ಗಳು ಹೆಚ್ಚೇ ಆಗುತ್ತವೆ.

ಎಸ್‌ಐಸಿಎಸ್ ಕೇಸುಗಳಲ್ಲೇ ರೆಕ್ಸಿಸ್ ಅಭ್ಯಾಸ ಮಾಡಿ. ಫೇಕೊ ಹಂತಗಳನ್ನು ಕೊನೆಯಿಂದ ಮೊದಲಿಗೆ ಕಲಿಯುವುದು ಒಳ್ಳೆಯದು: ಮೊದಲು ವಿಸ್ಕೋ ತೆಗೆಯುವುದು, ಲೆನ್ಸ್ ಇಡುವುದು, ಆಮೇಲೆ ಕಾರ್ಟೆಕ್ಸ್, ಆಮೇಲೆ ಸೀನಿಯರ್ ಒಡೆದುಕೊಟ್ಟ ತುಂಡುಗಳನ್ನು ತೆಗೆಯುವುದು, ಆಮೇಲೆ ಟ್ರೆಂಚ್ (ನ್ಯೂಕ್ಲಿಯಸ್ಸಿನಲ್ಲಿ ಕೊರೆಯುವ ಕಾಲುವೆ). ಹೀಗಾದರೆ ಪ್ರತಿ ಹಂತವೂ ಚೆನ್ನಾಗಿರುವ ಕಣ್ಣಿನಲ್ಲಿ ನಿಮಗೆ ಸಿಗುತ್ತದೆ. ನ್ಯೂಕ್ಲಿಯಸ್ ಒಡೆಯಲು ಮೊದಲು ಗಿಂಬೆಲ್ ಅವರ ಡಿವೈಡ್ ಆ್ಯಂಡ್ ಕಾಂಕರ್ (ಟ್ರೆಂಚ್ ಕೊರೆದು ನಾಲ್ಕು ತುಂಡು ಮಾಡುವುದು), ಅದು ಹಿಡಿತಕ್ಕೆ ಬಂದ ಮೇಲೆ ಸ್ಟಾಪ್ ಆ್ಯಂಡ್ ಚಾಪ್ (ಒಂದೇ ಟ್ರೆಂಚಿನಿಂದ ಎರಡಾಗಿಸಿ, ಉಳಿದದ್ದನ್ನು ಚಾಪರಿನಿಂದ ಸೀಳುವುದು). ನಗಹಾರ 1993ರಲ್ಲಿ ತೋರಿಸಿಕೊಟ್ಟ ನೇರ ಚಾಪ್ ಕಡಿಮೆ ಶಕ್ತಿಯಲ್ಲಿ ಮುಗಿಯುತ್ತದೆ ನಿಜ, ಆದರೆ ಅವಸರ ಬೇಡ. ಟ್ರೆಂಚಿನಲ್ಲಿ ಹೊಸಬರು ಆಳಕ್ಕೆ ಹೆದರುತ್ತಾರೆ, ಅರ್ಧಕ್ಕೇ ನಿಲ್ಲಿಸುತ್ತಾರೆ. ಆಮೇಲೆ ಒಡೆಯದ ನ್ಯೂಕ್ಲಿಯಸ್ಸನ್ನು ಇಬ್ಬದಿಗೆ ಎಳೆದು ಎಳೆದು ಝೋನ್ಯೂಲ್ ಹರಿಯುತ್ತಾರೆ. ತಳದಲ್ಲಿ ರೆಡ್ ರಿಫ್ಲೆಕ್ಸ್ ಹೊಳಪಾಗುವವರೆಗೂ ಇಳಿಯಿರಿ, ಸಾಧನಗಳ ತುದಿ ಟ್ರೆಂಚಿನ ತಳದಲ್ಲಿರಲಿ, ಮೇಲಂಚಿನಲ್ಲಲ್ಲ.

ಸಿಮ್ಯುಲೇಟರ್ ಸಿಕ್ಕರೆ ಬಿಡಬೇಡಿ. ಬ್ರಿಟನ್ನಿನ ರಾಷ್ಟ್ರೀಯ ದತ್ತಾಂಶದಲ್ಲಿ ಮೊದಲೆರಡು ವರ್ಷದ ಟ್ರೇನಿಗಳ ಪಿಸಿ ರೆಂಟ್ ಪ್ರಮಾಣ 2009ರಲ್ಲಿ ಶೇ 4.2 ಇದ್ದದ್ದು 2015ಕ್ಕೆ ಶೇ 2.6ಕ್ಕೆ ಇಳಿಯಿತು. ಸಿಮ್ಯುಲೇಟರ್ ತರಬೇತಿ ಹರಡಿದ ವರ್ಷಗಳವು. ಅದೇ ದೇಶದ ಇನ್ನೊಂದು ವರದಿಯಲ್ಲಿ, ಎಲ್ಲ ದರ್ಜೆಯ ಸರ್ಜನ್ನರು ಮಾಡಿದ 55,567 ಆಪರೇಷನ್‌ಗಳಲ್ಲಿ ಪಿಸಿ ರೆಂಟ್ ಅಥವಾ ವಿಟ್ರಿಯಸ್ ನಷ್ಟ ಶೇ 1.92. ಅಂದರೆ ನಿಮಗಾದದ್ದು ನಿಮ್ಮೊಬ್ಬರಿಗೇ ಆದದ್ದಲ್ಲ. ಸಿಮ್ಯುಲೇಟರ್ ಇಲ್ಲದಿದ್ದರೆ ವೆಟ್ ಲ್ಯಾಬ್‌ನಲ್ಲಿ ಪ್ರಾಣಿಗಳ ಕಣ್ಣು ಇದ್ದೇ ಇದೆ. ಅಲ್ಲಿ ಬೇಕೆಂದೇ ಪಿಸಿ ಹರಿದು, ಮೇಲೆ ಹೇಳಿದ ಅರ್ಧ ನಿಮಿಷವನ್ನೂ ಬೈಮಾನ್ಯುಯಲ್ (ಎರಡೂ ಕೈ ಬಳಸುವ) ವಿಟ್ರೆಕ್ಟಮಿಯನ್ನೂ ಮಾಡಿ. ಸುಸೂತ್ರ ಆಪರೇಷನ್ ಮಾತ್ರ ಅಭ್ಯಾಸ ಮಾಡುವ ವೆಟ್ ಲ್ಯಾಬ್ ಅರ್ಧ ವ್ಯರ್ಥ.

ಉಳಿದ ತೊಡಕುಗಳು ಚುಟುಕಾಗಿ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಾರೆಯೇ ಎಂದು ಪ್ರತಿ ಗಂಡಸರನ್ನೂ ಕೇಳಿ. ಐರಿಸ್ ಜೋಲಾಗಿ ಗಾಯದತ್ತ ಬರುವ ಸ್ಥಿತಿಯನ್ನು ಚಾಂಗ್ ಮತ್ತು ಕ್ಯಾಂಪ್‌ಬೆಲ್ 2005ರಲ್ಲಿ ಈ ಮಾತ್ರೆಗೆ ಜೋಡಿಸಿ ವಿವರಿಸಿದರು. ಕೆಲವು ದಿನ ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆಂದು ನಂಬಬೇಡಿ. ಐರಿಸ್ ಹುಕ್ ಅಥವಾ ರಿಂಗ್ ಕೈಯಳತೆಯಲ್ಲಿರಲಿ. ಕಾರ್ನಿಯಾದ ಒಳಬದಿಯ ಡೆಸಿಮೆಟ್ ಪದರ ಬಿಟ್ಟುಕೊಂಡರೆ ಅದನ್ನು ಕ್ಯಾಪ್ಸೂಲಿನ ತುಂಡೆಂದು ಎಳೆದು ತೆಗೆಯಬೇಡಿ. ಕೊನೆಗೆ ಗಾಳಿಗುಳ್ಳೆ ಬಿಟ್ಟರೆ ಬಹಳಷ್ಟು ಅಂಟಿಕೊಳ್ಳುತ್ತವೆ. ಕಣ್ಣು ಕಲ್ಲಿನಂತೆ ಗಟ್ಟಿಯಾಗುತ್ತಿದೆ, ಚೇಂಬರ್ ಆಳ ಕಳೆದುಕೊಳ್ಳುತ್ತಿದೆ, ರೋಗಿ ನೋವೆನ್ನುತ್ತಿದ್ದಾರೆ, ರೆಡ್ ರಿಫ್ಲೆಕ್ಸ್ ಕಪ್ಪಾಗುತ್ತಿದೆ ಎಂದರೆ ಸುಪ್ರಕೋರಾಯ್ಡಲ್ (ಕಣ್ಣಿನ ಗೋಡೆಯ ಪದರಗಳ ನಡುವಿನ) ರಕ್ತಸ್ರಾವ ಎಂದೇ ಭಾವಿಸಿ, ಒಳಗೆ ಏನು ಉಳಿದಿದ್ದರೂ ಸರಿ, ಮೊದಲು ಗಾಯ ಹೊಲಿಯಿರಿ. ಸೋಂಕು ತಡೆಗೆ ಆಪರೇಷನ್ ಮುನ್ನ ಶೇ 5 ಪೊವಿಡೋನ್ ಅಯೋಡಿನ್, ಕೊನೆಗೆ ಚೇಂಬರಿಗೆ ಆ್ಯಂಟಿಬಯಾಟಿಕ್. ಸೆಫ್ಯುರಾಕ್ಸಿಮ್ ಚುಚ್ಚಿದರೆ ಎಂಡಾಫ್ತಾಲ್ಮೈಟಿಸ್ (ಕಣ್ಣಿನೊಳಗಿನ ಸೋಂಕು) ಸುಮಾರು ಐದು ಪಟ್ಟು ಕಡಿಮೆಯಾಗುತ್ತದೆ ಎಂದು ಯೂರೋಪಿನ ದೊಡ್ಡ ಅಧ್ಯಯನ 2007ರಲ್ಲಿ ತೋರಿಸಿತು. ಪಿಸಿ ಹರಿದ ಕಣ್ಣಿಗೆ ಸೋಂಕಿನ ಅಪಾಯ ಹೆಚ್ಚು. ಮೊದಲ ವಾರ ನೋವು, ದೃಷ್ಟಿ ಕುಸಿತ ಎಂದು ಫೋನ್ ಬಂದರೆ ನಾಳೆ ಬನ್ನಿ ಎನ್ನಬಾರದು, ಅಂದೇ ನೋಡಬೇಕು.

ನಿಮ್ಮ ಆ ರೋಗಿಯನ್ನು ಇನ್ನೊಬ್ಬರಿಗೆ ದಾಟಿಸದೆ ನೀವೇ ಸೀನಿಯರ್ ಜೊತೆ ನೋಡುತ್ತಾ ಬನ್ನಿ. ಆಪರೇಷನ್ ವೇಳೆ ಹಿಂಬದಿಯ ಪೊರೆ ಹರಿಯಿತು, ಅದಕ್ಕೆ ಇಂತಿಂಥದ್ದು ಮಾಡಿದೆವು, ಚೇತರಿಕೆ ತುಸು ನಿಧಾನ, ಇಂಥ ಲಕ್ಷಣ ಕಂಡರೆ ಕೂಡಲೇ ಬನ್ನಿ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಈವರೆಗೆ ಹೇಳಿಲ್ಲವಾದರೆ ಮುಂದಿನ ಭೇಟಿಗೇ ಹೇಳಿ, ಕೇಸ್ ಶೀಟಿನಲ್ಲಿ ಬರೆಯಿರಿ. ಒತ್ತಡ ಪ್ರತಿ ಸಲ ಅಳೆಯಿರಿ. ನಾಲ್ಕರಿಂದ ಆರು ವಾರದ ಹೊತ್ತಿಗೆ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಊತಕ್ಕಾಗಿ ಓಸಿಟಿ ಸ್ಕ್ಯಾನ್ ಮಾಡಿಸಿ. ಪಾಪೆ ಹಿಗ್ಗಿಸಿ ರೆಟಿನಾದ ಅಂಚನ್ನೂ ನೋಡಬೇಕು. ಮಿಂಚು, ತೇಲುವ ಕಪ್ಪು ಚುಕ್ಕೆಗಳ ಬಗ್ಗೆ ಎಚ್ಚರಿಸಿಯೇ ಕಳಿಸಿ.

ಮತ್ತೆ ಫೇಕೊ ಯಾವಾಗ? ಆದಷ್ಟು ಬೇಗ, ಮುಂದಿನ ಲಿಸ್ಟಿನಲ್ಲೇ. ದಿನ ಕಳೆದಷ್ಟೂ ಭಯ ಗಟ್ಟಿಯಾಗುತ್ತದೆ. ಆದರೆ ಕೇಸನ್ನು ಆರಿಸಿಕೊಳ್ಳಿ: ಪಾಪೆ ಚೆನ್ನಾಗಿ ಹಿಗ್ಗುವ, ಗ್ರೇಡ್ 2 ನ್ಯೂಕ್ಲಿಯಸ್ ಇರುವ, ಚೇಂಬರ್ ಆಳವಾಗಿರುವ, ಅಲುಗಾಡದೆ ಮಲಗಬಲ್ಲ ರೋಗಿ. ಒಂದೇ ಕಣ್ಣಿರುವವರು, ಸ್ಯೂಡೊ ಎಕ್ಸ್‌ಫೋಲಿಯೇಷನ್ (ಮಸೂರದ ಮೇಲೆ ಹೊಟ್ಟಿನಂಥ ಕಣ ಕೂತು ಝೋನ್ಯೂಲ್ ಸಡಿಲವಾಗುವ ಸ್ಥಿತಿ) ಇರುವವರು, ಹಿಂದೆ ಪೆಟ್ಟು ಬಿದ್ದ ಕಣ್ಣು ಈಗ ಬೇಡ. ಸೀನಿಯರ್‌ಗೆ ಮೊದಲೇ ಹೇಳಿ, ಅವರು ಅಸಿಸ್ಟೆಂಟ್ ಸ್ಕೋಪ್‌ನಲ್ಲಿ ಕೂರಲಿ, ಕೊನೆಯ ತುಂಡಿನವರೆಗೆ ನೀವು ಮಾಡಿ. ಅಲ್ಲಿ ನಿಲ್ಲಿಸಿ, ವ್ಯಾಕ್ಯೂಮ್ ಇಳಿಸಲು ನರ್ಸ್‌ಗೆ ಬಾಯಿಬಿಟ್ಟು ಹೇಳಿ, ತುಂಡಿನ ಕೆಳಗೆ ವಿಸ್ಕೋ ಹಾಕಿ, ಆಮೇಲೆ ಮುಂದುವರಿಯಿರಿ. ಕೈ ನಡುಗಿದರೆ ಆ ತುಂಡನ್ನು ಅವರಿಗೆ ಕೊಟ್ಟು ಲೆನ್ಸ್ ಇಡಲು ನೀವು ಮರಳಿ ಕುಳಿತುಕೊಳ್ಳಬಹುದು.